ಬಿಡಿ ದನಿ, ಕೂಡಿದ ವಚನ

ದೂರದೂರದಲ್ಲಿದ್ದವರು ಬಿಡಿಬಿಡಿಯಾಗಿ ಹಾಡಿದ ದನಿಗಳನ್ನು ಒಂದೇ ಗಾನವಾಗಿ ಹೊಸೆಯುವುದು ಈಗ ಹೊಸತಲ್ಲ. 2010ರಲ್ಲಿ ಅಮೆರಿಕದ ಎರಿಕ್ ವಿಟೇಕರ್ 12 ದೇಶಗಳ 185 ಗಾಯಕರನ್ನು ಹೀಗೆ ಕೂಡಿಸಿದರು. 2020ರ ಲಾಕ್‌ಡೌನಿನಲ್ಲಿ ಆ ಉಪಾಯ ಮನೆಮನೆಗೂ ಬಂದಿತು. ಬೀದರ, ಭಾಲ್ಕಿ, ಔರಾದಿನ ಹಾಡುಗಾರರು ವಚನವೊಂದನ್ನು ಹೀಗೆ ಹಾಡಹೊರಟರೆ ಏನಾದೀತು?

ತೊಡಕು ಯಂತ್ರದ್ದಲ್ಲ, ವಚನದ್ದು. ಕೀರ್ತನೆಗಿರುವಂತೆ ಅದಕ್ಕೆ ಪಲ್ಲವಿಯಿಲ್ಲ, ಗೊತ್ತಾದ ಛಂದಸ್ಸೂ ಇಲ್ಲ. ಮಾತಿನ ಉಸಿರೇ ಅದರ ಲಯ. ಮಲ್ಲಿಕಾರ್ಜುನ ಮನಸೂರರ ವಚನಗಾಯನ ಕೇಳಿದವರು ಇದನ್ನು ಬಲ್ಲರು. ಹೆಡ್‌ಫೋನಿನಲ್ಲಿ ತಾಳ ಬಡಿಯುತ್ತಿರುವಾಗ ಆ ಉಸಿರಿಗೆ ಎಡೆಯೆಲ್ಲಿ? ಒಬ್ಬರು ತಡೆದರೆ ಇನ್ನೊಬ್ಬರು ಕಾಯುವಂತಿಲ್ಲ. ಎಲ್ಲರೂ ತಾಳಕ್ಕೆ ವಿಧೇಯರು, ಒಬ್ಬರಿಗೊಬ್ಬರು ಅಲ್ಲ. ಅನುಭವ ಮಂಟಪದ ನೆಲದಲ್ಲಿ ಇದು ಸಣ್ಣ ನಷ್ಟವಲ್ಲ.

ಹಾಗೆಂದು ತಳ್ಳಿಹಾಕಲೂ ಆಗದು. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಸಾಧನ ಯಾರದಾದರೇನು, ಒಳಗಿನ ನುಡಿ ನಮ್ಮದಾಗಿದ್ದರೆ ಸಾಕು. ಮೊದಲು ಹಿರಿಯರೊಬ್ಬರು ತಂಬೂರಿಯೊಡನೆ, ತಾಳದ ಹಂಗಿಲ್ಲದೆ ಹಾಡಲಿ. ಉಳಿದವರು ಅವರ ಉಸಿರು ಕೇಳಿ ದನಿಗೂಡಿಸಲಿ. ಹೊಂದಿಕೆ ತುಸು ಕೆಟ್ಟೀತು, ವಚನ ಉಳಿದೀತು.