ಲೆಕ್ಕಕ್ಕೆ ಸಿಗದ ದಿನಗಳು

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹೊರತರುವ ವಾರ್ಷಿಕ ವರದಿಯನ್ನು ನಾನು ಕಥೆಯ ಪುಸ್ತಕದ ಹಾಗೇ ಓದುತ್ತೇನೆ: ಯಾರ ಬಗ್ಗೆ ಹೇಳಿದ್ದಾರೆ, ಯಾರನ್ನು ಬಿಟ್ಟಿದ್ದಾರೆ ಎಂದು ನೋಡುತ್ತಾ. ಮಕ್ಕಳೇ ಆರೋಪಿಗಳಾಗಿರುವ ಪ್ರಕರಣಗಳು ದೇಶದಲ್ಲಿ 2021ರಲ್ಲಿ 31,170, 2022ರಲ್ಲಿ 30,555, 2023ರಲ್ಲಿ 31,365. ಒಂದು ವರ್ಷ ಇಳಿಕೆ, ಮರುವರ್ಷ ಏರಿಕೆ. ಇಳಿದಾಗ ಸಮಾಧಾನ, ಏರಿದಾಗ ಗಾಬರಿ; ಎರಡೂ ಅವಸರದ ಓದು. ಇವು ದಾಖಲಾದ ಪ್ರಕರಣಗಳು. ವೀಕ್ಷಣಾಲಯಗಳಲ್ಲಿ ರಾತ್ರಿ ಕಳೆಯುತ್ತಿರುವ ಮಕ್ಕಳ ಎಣಿಕೆ ಇದಲ್ಲ. ಪ್ರಕರಣಗಳು ಕಡಿಮೆಯಾದರೂ ವಿಚಾರಣೆ ಎಳೆದಷ್ಟೂ ಒಳಗಿರುವವರು ಹೆಚ್ಚಬಹುದು.

ಎಣಿಕೆಯ ಗೆರೆಯೂ ಸ್ಥಿರವಲ್ಲ. 1986ರ ಕಾಯ್ದೆಯಲ್ಲಿ ಹುಡುಗರಿಗೆ 16, ಹುಡುಗಿಯರಿಗೆ 18 ವರ್ಷದ ಮಿತಿಯಿತ್ತು. 2000ದ ಕಾಯ್ದೆ ಇಬ್ಬರಿಗೂ 18 ಮಾಡಿತು. ಅಲ್ಲಿಯವರೆಗೆ ದೊಡ್ಡವರ ಪಟ್ಟಿಯಲ್ಲಿದ್ದ ಹದಿನೇಳರ ಹುಡುಗ ಮಕ್ಕಳ ಪಟ್ಟಿಗೆ ಬಂದ. ಅದನ್ನು ಮಕ್ಕಳು ಕೆಟ್ಟರು ಎಂದು ಓದಿದರೆ ತಪ್ಪಾಗುತ್ತದೆ.

ನನ್ನ ಮುಖ್ಯ ತಕರಾರು ಬೇರೆ. ಇದೇ ಬ್ಯೂರೋದ ಜೈಲು ವರದಿ ಡಿಸೆಂಬರ್ 31ರಂದು ಒಳಗಿದ್ದ ಕೈದಿಗಳನ್ನು ಎಣಿಸುತ್ತದೆ. ವಿಚಾರಣಾಧೀನ ಕೈದಿಗಳು ಎಷ್ಟು ಕಾಲದಿಂದ ಇದ್ದಾರೆಂದೂ ಹೇಳುತ್ತದೆ. ಮಕ್ಕಳ ವೀಕ್ಷಣಾಲಯ, ವಿಶೇಷ ಗೃಹಗಳ ಬಗ್ಗೆ ಬ್ಯೂರೋ ಅಂಥ ವರದಿ ತರುವುದಿಲ್ಲ. ಅಮೆರಿಕದಲ್ಲಿ ಗೊತ್ತಾದ ಒಂದು ದಿನ ಇಂಥ ನಿವಾಸಗಳಲ್ಲಿರುವ ಮಕ್ಕಳನ್ನು ಎಣಿಸುವ ಪದ್ಧತಿ 1997ರಿಂದ ಇದೆ. ಲಕ್ಷ ದಾಟಿದ್ದ ಸಂಖ್ಯೆ 2020ರ ಹೊತ್ತಿಗೆ 25 ಸಾವಿರದ ಆಸುಪಾಸಿಗೆ ಇಳಿದದ್ದು ಆ ಎಣಿಕೆಯಿಂದಲೇ ತಿಳಿದದ್ದು.

ತುಮಕೂರಿನಲ್ಲಿ ಕೂತು ಓದುವ ನನಗೆ ಇದು ದೂರದ ಪ್ರಶ್ನೆಯಲ್ಲ. ಗುಬ್ಬಿಯ ಹುಡುಗನಾಗಲಿ ಕುಣಿಗಲ್ಲಿನವನಾಗಲಿ, ವಿಚಾರಣೆ ನಡೆಯುವುದು ಜಿಲ್ಲೆಯ ಬಾಲ ನ್ಯಾಯ ಮಂಡಳಿಯ ಮುಂದೆ. 2015ರ ಕಾಯ್ದೆಯ ಪ್ರಕಾರ ಜಾಮೀನು ಕೊಡುವುದೇ ನಿಯಮ. ವಿಚಾರಣೆ 4 ತಿಂಗಳಲ್ಲಿ ಮುಗಿಯಬೇಕು, ಕಾರಣ ಬರೆದಿಟ್ಟು 2 ತಿಂಗಳು ಹೆಚ್ಚಿಸಬಹುದು. ಬಸ್ಸು ಹತ್ತಿ ಬರುವ ತಾಯಿಗೆ ‘ಮುಂದಿನ ತಾರೀಕು’ ಎಂದರೆ ಒಂದು ದಿನದ ಕೂಲಿ ಹೋದಂತೆ. ಒಳಗಿರುವ ಮಗನಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯೇ ತಪ್ಪಬಹುದು. ಆ ನಷ್ಟಕ್ಕೆ ವರದಿಯಲ್ಲಿ ಕಾಲಂ ಇಲ್ಲ.

ಹಾಗಾಗಿ ಒಂದು ಕೋಷ್ಟಕ ಸೇರಿಸಲಿ: ಡಿಸೆಂಬರ್ 31ರ ರಾತ್ರಿ ಯಾವ ವೀಕ್ಷಣಾಲಯದಲ್ಲಿ ಎಷ್ಟು ಮಕ್ಕಳಿದ್ದರು, ಎಷ್ಟು ದಿನದಿಂದ ಇದ್ದರು. ಹೆಸರು ಬೇಡ, ಮಕ್ಕಳ ಗುರುತು ಹೊರಗೆಡವುವುದನ್ನು ಕಾಯ್ದೆಯೇ ನಿಷೇಧಿಸಿದೆ. ದಿನಗಳ ಲೆಕ್ಕ ಕೊಟ್ಟರೆ ಸಾಕು. ಅದು ಬರುವ ತನಕ, ಪ್ರಕರಣ ಇಳಿದವು ಎಂಬ ಸುದ್ದಿಯನ್ನು ಮಕ್ಕಳು ಮನೆಗೆ ಹೋದರು ಎಂದು ನಾನು ಓದಲಾರೆ.