ಯಕೃತ್ತಿನ ‘ಅಸಮತೋಲನ’: ಹೆಸರುಂಟು, ಅಳತೆಯಿಲ್ಲ

ಸಾಂಪ್ರದಾಯಿಕ ಚೀನೀ ವೈದ್ಯಪದ್ಧತಿಯಲ್ಲಿ ಯಕೃತ್ತನ್ನು ‘ಗಾನ್’ ಎನ್ನುತ್ತಾರೆ. ಇದು ಅಂಗರಚನಾ ಶಾಸ್ತ್ರ ಹೇಳುವ ಯಕೃತ್ತಲ್ಲ. ಹಲವು ಕಾರ್ಯಗಳ ಒಂದು ಕಲ್ಪಿತ ಕೂಟ. ‘ಚಿ’ ಎಂಬ ಪ್ರಾಣಶಕ್ತಿಯನ್ನು ಸರಾಗವಾಗಿ ಹರಿಸುವುದು, ರಕ್ತವನ್ನು ಸಂಗ್ರಹಿಸುವುದು, ಕಣ್ಣುಗಳನ್ನು ಪೋಷಿಸುವುದು ಇದರ ಕೆಲಸ. ಕೋಪ ಇದಕ್ಕೆ ಸೇರಿದ ಭಾವ.

ಈ ಕೆಲಸ ಏರುಪೇರಾದಾಗ ಕಾಣುವ ಲಕ್ಷಣಗಳನ್ನು ‘ವಿನ್ಯಾಸ’ಗಳಾಗಿ ವಿಂಗಡಿಸಲಾಗಿದೆ. ಪಕ್ಕೆಯಲ್ಲಿ ಬಿಗಿತ, ನಿಟ್ಟುಸಿರು, ತಂತಿಯಂತಹ ನಾಡಿ ಇದ್ದರೆ ಚಿ ಸ್ತಂಭನ. ಕೆಂಪು ಕಣ್ಣು, ಕಹಿ ಬಾಯಿ, ಸಿಟ್ಟು ಇದ್ದರೆ ಯಕೃತ್ತಿನ ಬೆಂಕಿ. ಮಸುಕು ದೃಷ್ಟಿ, ಬಿಳಿಚಿದ ನಾಲಿಗೆ ಇದ್ದರೆ ರಕ್ತದ ಕೊರತೆ. ರೋಗಿಯ ದೂರುಗಳು ನಿಜವೇ. ಪ್ರಶ್ನೆ ಇರುವುದು ವಿಂಗಡಣೆಯ ಬಗ್ಗೆ.

ರೋಗನಿದಾನವೂ ಒಂದು ಮಾಪನ. ಬೇರೆ ಬೇರೆ ವೀಕ್ಷಕರು ಅಳೆದಾಗ ಫಲಿತಾಂಶ ಹೆಚ್ಚುಕಡಿಮೆ ಒಂದೇ ಬರಬೇಕು. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಮೂವರು ಚೀನೀ ಪದ್ಧತಿಯ ವೈದ್ಯರು ಸಂಧಿವಾತದ 40 ರೋಗಿಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸಿದರು. ಅವರ ವಿನ್ಯಾಸ ನಿರ್ಣಯಗಳು ಸರಾಸರಿ ಶೇಕಡಾ 32ರಷ್ಟು ಮಾತ್ರ ಹೊಂದಿದವು. ಆಧುನಿಕ ವೈದ್ಯರಲ್ಲೂ ಭಿನ್ನಾಭಿಪ್ರಾಯ ಬರುತ್ತದೆ. ಆದರೆ ಅದನ್ನು ಬಗೆಹರಿಸಲು ಬಿಲಿರುಬಿನ್, ಕಿಣ್ವಗಳ ಮಟ್ಟ, ಅಂಗಾಂಶ ಪರೀಕ್ಷೆಗಳಂತಹ ಸ್ವತಂತ್ರ ಸಾಕ್ಷ್ಯಗಳುಂಟು. ‘ಚಿ’ಗೆ ಅಂತಹ ಸಾಕ್ಷ್ಯವೂ ಇಲ್ಲ, ಏಕಮಾನವೂ ಇಲ್ಲ.

ಇದು ಬರಿಯ ತಾತ್ವಿಕ ಚರ್ಚೆಯಲ್ಲ. ಯಕೃತ್ತು, ಮೂತ್ರಪಿಂಡಗಳ ಪೋಷಣೆಗೆಂದು ಕೊಡುವ ‘ಹೆ ಶೌ ವು’ ಬೇರಿನಿಂದ ಯಕೃತ್ತಿಗೇ ಹಾನಿಯಾದ ಪ್ರಕರಣಗಳು ವರದಿಯಾಗಿವೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2006ರಲ್ಲಿ ಈ ಬಗ್ಗೆ ಎಚ್ಚರಿಸಿತು. ಇಂತಹ ಹಾನಿಯನ್ನು ಖಚಿತಪಡಿಸುವುದು ರಕ್ತಪರೀಕ್ಷೆಯೇ ಹೊರತು ನಾಡಿಯ ಬಿಗಿತವಲ್ಲ.

2019ರಲ್ಲಿ ವಿಶ್ವ ಆರೋಗ್ಯ ಸಭೆ ಅಂಗೀಕರಿಸಿದ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಯಕೃತ್ತಿನ ಈ ವಿನ್ಯಾಸಗಳಿಗೂ ಸಂಕೇತಗಳು ದೊರೆತವು. 2025ರಲ್ಲಿ ಆಯುರ್ವೇದ, ಸಿದ್ಧ, ಯುನಾನಿ ಪದ್ಧತಿಗಳ ವಿಭಾಗವೂ ಸೇರಿತು. ದಾಖಲೆ ಇಡಲು ಸಂಕೇತ ಉಪಯುಕ್ತ. ಅದು ಸಿಂಧುತ್ವದ ಪ್ರಮಾಣಪತ್ರವಲ್ಲ. ಚೀನೀ ಪದ್ಧತಿಗೆ ಕೇಳುವ ಪ್ರಶ್ನೆಯನ್ನು ನಮ್ಮ ಪದ್ಧತಿಗಳಿಗೂ ಕೇಳಬೇಕು.

ತರಗತಿಯಲ್ಲಿ ಇದನ್ನು ಸುಲಭವಾಗಿ ಪರೀಕ್ಷಿಸಬಹುದು. ಒಬ್ಬ ವಿದ್ಯಾರ್ಥಿಯ ನಾಡಿಬಡಿತವನ್ನು ಐವರು ಗಡಿಯಾರ ಹಿಡಿದು ಎಣಿಸಲಿ. ಬಳಿಕ ನಾಡಿ ‘ಬಿಗಿ’ಯೋ ‘ಸಡಿಲ’ವೋ ಎಂದು ಒಬ್ಬರಿಗೊಬ್ಬರು ತಿಳಿಸದೆ ಬರೆಯಲಿ. ಎರಡೂ ಪಟ್ಟಿಗಳನ್ನು ಹೋಲಿಸಿದರೆ ಮಾಪನಕ್ಕೂ ಅಭಿಪ್ರಾಯಕ್ಕೂ ಇರುವ ಅಂತರ ಅವರಿಗೇ ತಿಳಿಯುತ್ತದೆ.