ಒಂದು ರೋಗನಾಮದ ಇತಿಹಾಸ: ಕ್ವಿಂಕೆಯ ‘ಸೀರಸ್ ಮೆನಿಂಜೈಟಿಸ್’

ಇಂದು ಪರಿಚಿತವಾಗಿರುವ ಪ್ರತಿಯೊಂದು ರೋಗಕ್ಕೂ ಹಿಂದಿನ ಕಾಲದಲ್ಲಿ ಒಬ್ಬ ಆದ್ಯಶೋಧಕನನ್ನು ಹುಡುಕಿ, ಅವನ ಹೆಸರನ್ನೂ ಇಸವಿಯನ್ನೂ ಒಂದು ವಾಕ್ಯದಲ್ಲಿ ನಮೂದಿಸಿ ಮುಂದೆ ಸಾಗುವುದು ವೈದ್ಯಶಾಸ್ತ್ರದ ಇತಿಹಾಸವನ್ನು ಬರೆಯುವವರಲ್ಲಿ ಬೇರೂರಿದ ರೂಢಿ. ಜರ್ಮನಿಯ ಕೀಲ್ ನಗರದ ವೈದ್ಯ ಹೈನ್ರಿಕ್ ಕ್ವಿಂಕೆಯ ವಿಷಯದಲ್ಲಿ ಈ ರೂಢಿ ಎಷ್ಟು ದಾರಿ ತಪ್ಪಿಸುತ್ತದೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಸೊಂಟದ ಭಾಗದಲ್ಲಿ ಬೆನ್ನುಮೂಳೆಗಳ ನಡುವೆ ಸೂಜಿಯನ್ನು ತೂರಿಸಿ, ಮಿದುಳನ್ನೂ ಬೆನ್ನುಹುರಿಯನ್ನೂ ಆವರಿಸಿದ ದ್ರವವನ್ನು ತೆಗೆಯುವ ವಿಧಾನವನ್ನು ಕ್ವಿಂಕೆ 1891ರಲ್ಲಿ ಪ್ರಕಟಿಸಿದನು. ಅದೇ ವರ್ಷ ಲಂಡನ್ನಿನ ವೈದ್ಯ ವಿಂಟರ್ ಕೂಡ ಇಂತಹ ಪ್ರಯತ್ನವನ್ನು ವರದಿಮಾಡಿದನು. ತಲೆಬುರುಡೆಯೊಳಗೆ ಏರಿದ ಒತ್ತಡವನ್ನು ಇಳಿಸುವುದೇ ಇಬ್ಬರ ಉದ್ದೇಶವೂ ಆಗಿದ್ದಿತು. ಆದರೆ ಕ್ವಿಂಕೆ ಸೂಜಿಗೆ ನಳಿಕೆಯನ್ನು ಜೋಡಿಸಿ, ಆ ಒತ್ತಡವನ್ನು ಅಳೆದನು. ಅದುವರೆಗೆ ಲಕ್ಷಣಗಳಿಂದ ಊಹಿಸಬೇಕಾಗಿದ್ದುದು ಅಂಕಿಗೆ ಒಳಪಟ್ಟಿತು.

1893ರಲ್ಲಿ ಆತನು, ದ್ರವವು ಹೆಚ್ಚಿ ಒತ್ತಡ ಏರಿದ್ದರೂ ಕೀವಿಲ್ಲದ ರೋಗಸ್ಥಿತಿಯೊಂದನ್ನು ‘ಸೀರಸ್ ಮೆನಿಂಜೈಟಿಸ್’ ಎಂದು ಕರೆದನು. ಕಾರಣ ತಿಳಿಯದೆ ತಲೆಬುರುಡೆಯೊಳಗೆ ಒತ್ತಡವೇರುವ ವ್ಯಾಧಿಯ ಮೊದಲ ವರ್ಣನೆ ಇದೇ ಎಂದು ಇಂದಿನ ಅನೇಕ ಗ್ರಂಥಗಳು ಸಾರುತ್ತವೆ. ರಷ್ಯನ್ ವೈದ್ಯಭಾಷೆಯಲ್ಲಾದರೋ ಅದೇ ಹೆಸರು ಇಂದು ಮುಖ್ಯವಾಗಿ ವೈರಸ್ಸಿನಿಂದ ಬರುವ ಮಿದುಳುಪೊರೆಯ ಉರಿಯೂತಕ್ಕೆ ಸಲ್ಲುತ್ತದೆ. ಒಂದೇ ಹೆಸರಿಗೆ ಇಬ್ಬರು ವಾರಸುದಾರರು!

ಇವರಲ್ಲಿ ಯಾರ ಹಕ್ಕು ನಿಜವಾದುದು? ಮೊದಲನೆಯ ವ್ಯಾಧಿಯಲ್ಲಿ ಒತ್ತಡವು ವಯಸ್ಕರಲ್ಲಿ 250 ಮಿಲಿಮೀಟರ್ ನೀರಿನ ಎತ್ತರವನ್ನು ಮುಟ್ಟುತ್ತದೆ ಅಥವಾ ಮೀರುತ್ತದೆ. ದ್ರವದ ಘಟಕಗಳು ಮಾತ್ರ ಸಹಜವಾಗಿರುತ್ತವೆ. ವೈರಸ್ ಉರಿಯೂತದಲ್ಲಿ ಒತ್ತಡವು ಸಾಮಾನ್ಯವಾಗಿ ಸಹಜವಾಗಿಯೋ ಸ್ವಲ್ಪ ಏರಿಯೋ ಇದ್ದು, ದ್ರವದಲ್ಲಿ ಬಿಳಿಯ ರಕ್ತಕಣಗಳು ಹೆಚ್ಚುತ್ತವೆ. ಆದುದರಿಂದ ಕೇವಲ ಒತ್ತಡದ ಅಂಕಿ ಇವೆರಡನ್ನೂ ಬೇರ್ಪಡಿಸಲಾರದು; ಕಣಗಳ ಪರೀಕ್ಷೆಯೂ ಬೇಕು. ಆ ಪರೀಕ್ಷೆಯನ್ನು ಫ್ರಾನ್ಸಿನ ವಿಡಾಲ್ ಮತ್ತು ಸಂಗಡಿಗರು ರೋಗನಿದಾನದ ಕ್ರಮವಾಗಿ ರೂಪಿಸಿದುದು 1900ರ ಸುಮಾರಿಗೆ. ಸ್ವೀಡನ್ನಿನ ವಾಲ್‌ಗ್ರೆನ್ ಬ್ಯಾಕ್ಟೀರಿಯಾ ಕಾಣದ ಉರಿಯೂತವನ್ನು ಪ್ರತ್ಯೇಕವಾಗಿ ವಿವರಿಸಿದುದು 1920ರ ದಶಕದಲ್ಲಿ. ಅಂತಹ ಉರಿಯೂತವನ್ನುಂಟುಮಾಡುವ ವೈರಸ್ಸೊಂದು ಅಮೆರಿಕದಲ್ಲಿ ಪ್ರತ್ಯೇಕಗೊಂಡುದು 1930ರ ದಶಕದಲ್ಲಿ. ಇವಾವುವೂ 1893ರಲ್ಲಿ ಕ್ವಿಂಕೆಯ ಕೈಯಲ್ಲಿ ಇರಲಿಲ್ಲ.

ಆತನ ರೋಗಿಗಳಲ್ಲಿ ಕೆಲವರು ಇಂದಿನ ಒಂದೊಂದು ವರ್ಣನೆಗೆ ಹೊಂದಬಹುದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹೊಂದಬಹುದೆಂಬುದು ಬೇರೆ, ಹೊಂದುತ್ತದೆಂಬುದು ಬೇರೆ. ಶಾಸನದಲ್ಲಿ ಕಂಡ ಊರಿನ ಹೆಸರನ್ನು ಇಂದಿನ ಅದೇ ಹೆಸರಿನ ಊರಿಗೆ ಒಡನೆಯೇ ಅಂಟಿಸಬಾರದೆಂದು ವಿದ್ಯಾರ್ಥಿಗಳಿಗೆ ಬೋಧಿಸುವ ನಾವು, ರೋಗನಾಮಗಳ ವಿಷಯದಲ್ಲಿಯೂ ಅದೇ ಎಚ್ಚರವನ್ನು ಪಾಲಿಸಬೇಕು. ಕ್ವಿಂಕೆ ಒಂದು ಆಧುನಿಕ ರೋಗವನ್ನು ಮೊದಲು ಕಂಡನೆಂದು ಬರೆಯುವುದಕ್ಕಿಂತ, ಯಾವ ರೋಗವೆಂಬುದು ಇತ್ಯರ್ಥವಾಗುವ ಮುನ್ನವೇ ಅದರ ಒತ್ತಡವನ್ನು ಅಳೆದನೆಂದು ಬರೆಯುವುದು ಸತ್ಯಕ್ಕೆ ಸಮೀಪ. ಆತನ ಕೀರ್ತಿಗೂ ಅದರಿಂದ ಕುಂದಿಲ್ಲ.